ನೂರು ಗುಳಿಯ ಹಲಗೆ: ಗುರುತು ಹಿಡಿದ ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬರುವ ಯಾರ ಹೆಸರೂ ಇಲ್ಲ, ಊರೂ ಇಲ್ಲ. ಹಳೇ ಸಾಮಾನು ಇಂಥವರ ಮನೆಯಲ್ಲಿದೆ ಎಂದು ಗೊತ್ತಾದರೆ ಸಾಕು, ಮರುದಿನವೇ ಯಾರಾದರೂ ಬಾಗಿಲಿಗೆ ಬಂದು ನಿಲ್ಲುವ ಕಾಲ ಇದು. ಹಾಗಾಗಿ ವಸ್ತುವಿನ ಒಡತಿಯನ್ನು ಅಕ್ಕ ಎಂದಷ್ಟೇ ಬರೆಯುತ್ತೇನೆ. ನಾನು ಅವರನ್ನು ಕರೆಯುವುದೂ ಹಾಗೇ.

ಅಕ್ಕ ಮಲೆನಾಡಿನ ಒಂದು ಸಣ್ಣ ಪೇಟೆಯವರು. ಮೂವತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಹಳೆಯ ಸಾಮಾನಿನ ಹುಚ್ಚು ಹತ್ತಿದ್ದು ಅಜ್ಜಿಯ ಅಡಕತ್ತರಿಯಿಂದ. ಅಡಿಕೆ ಸೀಮೆಯಲ್ಲಿ ಹುಟ್ಟಿದವರಿಗೆ ಅದೇನು ಆಶ್ಚರ್ಯ ಅಲ್ಲ ಬಿಡಿ. ಈಗ ಅವರ ಹತ್ತಿರ ಕುದುರೆಮುಖದ, ಗಿಳಿ ಕೊಕ್ಕಿನ, ಸುಮ್ನೆ ಬೋಳು ಕಬ್ಬಿಣದ ಅಂತ ನಲವತ್ತರ ಹತ್ತಿರ ಅಡಕತ್ತರಿಗಳಿವೆ. ಜೊತೆಗೆ ಸುಣ್ಣದ ಡಬ್ಬಿಗಳು, ಸೇರು, ಪಾವು, ಚಟಾಕು, ಗಾಜು ಒಡೆದ ಲಾಟೀನು. ಸಾವಿರ ರೂಪಾಯಿಗಿಂತ ಜಾಸ್ತಿ ಯಾವುದಕ್ಕೂ ಕೊಡಬಾರದು ಎಂಬುದು ಅವರೇ ಹಾಕಿಕೊಂಡ ನಿಯಮ. ಅದನ್ನು ಎಷ್ಟು ಸಲ ಮುರಿದಿದ್ದಾರೆ ಎಂದು ಭಾವನವರಿಗೆ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಅವರ ಮನೆಗೆ ಹೋದಾಗ ನನಗೆ ಖುಷಿ ಕೊಡುವುದು ಸಾಮಾನಿನ ಲೆಕ್ಕ ಅಲ್ಲ, ಅಕ್ಕ ಅದನ್ನು ಓದುವ ರೀತಿ. ಒಂದು ಅಡಕತ್ತರಿಯ ಹಿಡಿ ಉಳಿದವುಗಳಂತಲ್ಲದೆ ಇನ್ನೊಂದೇ ಬದಿಗೆ ಸವೆದಿದೆ. ಅದನ್ನು ಎಡಗೈಗೆ ಹಾಕಿಕೊಂಡು ತೋರಿಸುತ್ತಾರೆ, ಆಗ ಬೆರಳು ಸರಿಯಾಗಿ ಆ ಸವೆದ ಜಾಗದಲ್ಲೇ ಕೂರುತ್ತದೆ. ‘ಯಾರೋ ಎಡಚರು ಮಾರಾಯ, ಜೀವಮಾನವಿಡೀ ಇದರಲ್ಲೇ ಅಡಿಕೆ ಕತ್ತರಿಸಿದ್ದಾರೆ’ ಎನ್ನುತ್ತಾರೆ. ಆ ಮನುಷ್ಯ ಯಾರೋ ಏನೋ, ಆದರೆ ಅವರ ಕೈ ಇನ್ನೂ ಅಲ್ಲಿದೆ.

ಹಲಗೆ ಬಂದದ್ದು

ಪಕ್ಕದ ಊರಿನಲ್ಲಿ ಒಂದು ದೊಡ್ಡ ಹಳೇ ಮನೆ ಕೀಳಿಸಿದರು. ಕಂಬ, ಬಾಗಿಲು, ತೊಲೆ ಎಲ್ಲ ಮರದ ವ್ಯಾಪಾರಿಗೆ ಹೋದವು. ಅಟ್ಟದ ಮೇಲಿನ ಚಿಲ್ಲರೆ ಸಾಮಾನು ಗುಜರಿ ಅಂಗಡಿಗೆ ಬಂತು. ಅಕ್ಕ ಹೋಗಿದ್ದು ಒಂದು ಕೊಳಗ ನೋಡಲು. ಅದರೊಳಗೆ ಕಸದ ಜೊತೆ ಒಂದು ಮರದ ತುಂಡು ಬಿದ್ದಿತ್ತು. ಕೊಳಗ ಕೊಳ್ಳಲಿಲ್ಲ, ತುಂಡು ಕೊಂಡರು. 600 ರೂಪಾಯಿ.

ಅಂಗೈಗಿಂತ ಸ್ವಲ್ಪ ದೊಡ್ಡದಾದ ಚೌಕ ಹಲಗೆ, ಒಂದು ಬದಿಗೆ ನಾಲ್ಕು ಬೆರಳಿನಷ್ಟು ಹಿಡಿ. ಸುತ್ತ ತೆಳ್ಳಗೆ ದಂಡೆ, ಒಂದು ಮೂಲೆಯಲ್ಲಿ ಮಾತ್ರ ದಂಡೆ ಇಲ್ಲ. ಮೇಲ್ಮೈ ತುಂಬ ಸಾಲುಸಾಲಾಗಿ ಕಡಲೆಬೇಳೆ ಅಗಲದ ಪುಟ್ಟ ಗುಳಿಗಳು. ಬಣ್ಣ ಕಪ್ಪಿಗೆ ಹತ್ತಿರದ ಕಂದು. ಹಿಂದುಗಡೆ ಮಸಿಯಲ್ಲಿ ಏನೋ ಬರೆದ ಹಾಗಿತ್ತು, ಆಗ ಯಾರೂ ಗಮನ ಕೊಡಲಿಲ್ಲ. ಫೋಟೋ ತೆಗೆದದ್ದೂ ಮುಂದಿನದ್ದು ಮಾತ್ರ. ಈ ಪ್ರಕರಣದಲ್ಲಿ ನಾವು ಮಾಡಿದ ಮೊದಲ ತಪ್ಪು ಅದು.

ಏನಿದು? ಅಕ್ಕ ಫೋಟೋವನ್ನು ನೆಂಟರಿಗೆ, ಹಳೇ ಸಹೋದ್ಯೋಗಿಗಳಿಗೆ, ನನಗೆ ಎಲ್ಲ ಕಳಿಸಿದರು. ಉತ್ತರಗಳು ಬಂದವು ನೋಡಿ! ಒಬ್ಬರು ಅಳಗುಳಿ ಮಣೆ ಎಂದರು. ಅಳಗುಳಿ ಮಣೆಗೆ ಏಳೇಳರ ಎರಡು ಸಾಲು, ಒಟ್ಟು 14 ಗುಳಿ, ಒಂದೊಂದರಲ್ಲಿ ನಾಲ್ಕೈದು ಹುಣಸೆಬೀಜ ಆರಾಮಾಗಿ ಕೂರಬೇಕು. ಇದರಲ್ಲಿ ಒಂದು ಬೀಜವೂ ಹಿಡಿಸುವುದಿಲ್ಲ. ಇನ್ನೊಬ್ಬರು ಸಂಡಿಗೆ ಒತ್ತುವ ಅಚ್ಚು ಎಂದರು. ಮತ್ತೊಬ್ಬರು, ಇದು ಪಂಡಿತರು ಔಷಧಿಯ ಗುಳಿಗೆ ಉರುಟುವ ಹಲಗೆ ಎಂದರು. ನಾನು ಈ ಗುಳಿಗೆ ಪಾರ್ಟಿ. ಸುಮಾರು ಎರಡು ವಾರ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಅದೂ ವಸ್ತುವನ್ನು ಕಣ್ಣಾರೆ ನೋಡದೆ, ಫೋಟೋ ನೋಡಿಕೊಂಡೇ. ನನ್ನ ಅಜ್ಜನ ಮನೆಯಲ್ಲಿ ನಾಟಿ ಔಷಧಿ ಮಾಡುತ್ತಿದ್ದರು, ಅದಕ್ಕೆ ನನಗೆ ಎಲ್ಲವೂ ಔಷಧಿಯ ಸಾಮಾನಾಗಿಯೇ ಕಾಣುತ್ತದೆ. ಗುರುತು ಹಿಡಿಯುವ ಕೆಲಸದಲ್ಲಿ ಇದು ದೊಡ್ಡ ರೋಗ, ನಮಗೆ ಮೊದಲೇ ಗೊತ್ತಿರುವುದನ್ನೇ ವಸ್ತುವಿನಲ್ಲಿ ಹುಡುಕುವುದು.

ತಿಕ್ಕಿದ ಮೂಲೆ

ಈ ನಡುವೆ ಒಂದು ಅನಾಹುತ ಆಯಿತು. ಅಕ್ಕ ಎರಡು ದಿನ ಮಗಳ ಮನೆಗೆ ಹೋಗಿದ್ದರು. ಮನೆಯಲ್ಲಿದ್ದ ನೆಂಟರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಆ ಹಲಗೆಯ ಹಿಂದುಗಡೆಯನ್ನು ಪಾತ್ರೆ ತಿಕ್ಕುವ ಪುಡಿ ಹಾಕಿ, ನಾರಿನಲ್ಲಿ ಚೆನ್ನಾಗಿ ಉಜ್ಜಿದರು. ಅರ್ಧ ಉಜ್ಜುವಷ್ಟರಲ್ಲಿ ಕೈ ನೋವು ಬಂತಂತೆ, ಅದೇ ಪುಣ್ಯ.

ಉಜ್ಜಿದ ಕಡೆ ಮರ ಹಳದಿಯಾಗಿ ಹೊಳೆಯಿತು. ಪಕ್ಕದ ಆಚಾರಿಯವರು ಅದನ್ನು ನೋಡಿದ ಕೂಡಲೇ ‘ಹಲಸು’ ಎಂದರು. ಹಲಸಿನ ಮರ ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕಂದಾಗುತ್ತದೆ. ಮರ ಯಾವುದು ಎಂದು ಗೊತ್ತಾಯಿತು ನಿಜ, ಆದರೆ ಮಸಿಯ ಬರಹ ಹೋಯಿತು. ಟಾರ್ಚನ್ನು ಅಡ್ಡ ಹಿಡಿದು ಬೆಳಕು ಬಿಟ್ಟು ನೋಡಿದರೆ ‘ಗ’ ಎಂಬ ಒಂದು ಅಕ್ಷರ, ಅದರ ಮುಂದೆ ಅಂಕೆಯ ಒಂದು ಬಾಲ. ಅಷ್ಟೇ. ಅಕ್ಕ ಆ ನೆಂಟರಿಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಆ ವಾರ ನನಗೆ ಫೋನ್ ಮಾಡಿದಾಗಲೆಲ್ಲ ಅವರ ದನಿ ಬೇರೆಯೇ ಇತ್ತು.

ಹಳೇ ಮರವನ್ನು ಒಣ ಬ್ರಷ್ಷಿನಲ್ಲಿ ಧೂಳು ತೆಗೆದರೆ ಬೇಕಾದಷ್ಟಾಯಿತು. ನೀರು, ಸೋಪು, ಹುಣಸೆಹಣ್ಣು, ಸ್ಯಾಂಡ್ ಪೇಪರ್ ಯಾವುದೂ ಬೇಡ, ಕಡೇ ಪಕ್ಷ ಅದು ಏನೆಂದು ಗೊತ್ತಾಗುವ ತನಕ ಬೇಡ. ಹಿತ್ತಾಳೆ ಸಾಮಾನಿಗೂ ಇದೇ ಮಾತು. ಫಳಫಳ ಮಾಡಿದ ಮೇಲೆ ಅದು ಹಳತೋ ಹೋದ ವರ್ಷದ್ದೋ ಎಂದು ಹೇಳುವುದು ಕಷ್ಟ.

ನಾಲ್ಕು ಲಕ್ಷದ ಫೋನ್

ಫೋಟೋ ಎಲ್ಲಿಂದ ಎಲ್ಲಿಗೋ ಹೋಗಿರಬೇಕು. ಒಂದು ದಿನ ಅಪರಿಚಿತರ ಫೋನ್ ಬಂತು. ಅದು ಅರಮನೆಯ ತಂತ್ರಮಂತ್ರದ ಹಲಗೆಯಂತೆ, ದುಬೈಯಲ್ಲಿ ಗಿರಾಕಿ ಇದ್ದಾರಂತೆ, ನಾಲ್ಕು ಲಕ್ಷ ಸಿಗುತ್ತದಂತೆ. ಮೊದಲು ‘ಪರೀಕ್ಷೆ ಫೀಸು’ ಅಂತ 18,000 ಕಳಿಸಬೇಕು.

ಅಕ್ಕ ನಕ್ಕು ಫೋನಿಟ್ಟರು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದರು. ಬೆಳಿಗ್ಗೆ ನನಗೆ ಹೇಳಿದರು, ‘ನಾನೇ ಎಷ್ಟು ಜನಕ್ಕೆ ಕೌಂಟರಿನಲ್ಲಿ ಬುದ್ಧಿ ಹೇಳಿದ್ದೇನೋ, ನನಗೇ ಒಂದು ಗಳಿಗೆ ಆಸೆ ಆಯ್ತಲ್ಲ ಮಾರಾಯ.’ ಅಕ್ಕಿಕಾಳನ್ನು ತಾನಾಗಿಯೇ ಎಳೆದುಕೊಳ್ಳುವ ಮಾಯದ ಚೊಂಬು ಎಂದು ನಂಬಿಸಿ ಜನರನ್ನು ಮುಳುಗಿಸುವವರ ವರಸೆಯೂ ಇದೇ. ರಾಮ ಪಟ್ಟಾಭಿಷೇಕದ ಚಿತ್ರ, ಹನುಮಂತನ ಚಿತ್ರ ಇರುವ, 1818 ಎಂದು ಇಸವಿ ಹಾಕಿದ ‘ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ವನ್ನು ನೀವೂ ನೋಡಿರಬಹುದು. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಆದರೂ ಅದು ಲಕ್ಷ ಬಾಳುತ್ತದೆ ಎಂದು ನಂಬಿ ದೇವರ ಗೂಡಿನಲ್ಲಿ ಇಟ್ಟುಕೊಂಡವರಿದ್ದಾರೆ.

ದುಬೈ ಎಂಬ ಮಾತೇ ಸಾಕಿತ್ತು, ನಿಜ ಹೇಳಬೇಕೆಂದರೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವ ಹಾಗೇ ಇಲ್ಲ. ಅಕ್ಕ ಆ ನಂಬರನ್ನು ಬ್ಲಾಕ್ ಮಾಡಿದರು.

ಆದರೆ ಈ ಫೋನಿನಿಂದ ಒಂದು ಲಾಭ ಆಯಿತು. ಅಲ್ಲಿಯ ತನಕ ಅದು ಕಪಾಟಿನಲ್ಲಿ ಸುಮ್ನೆ ಬಿದ್ದಿತ್ತು. ಈಗ ಅಕ್ಕನಿಗೆ ಹಟ ಬಂತು. ನನ್ನನ್ನು ಕರೆಸಿದರು. ಮಧ್ಯಾಹ್ನ ಊಟ ಆದಮೇಲೆ ಜಗುಲಿಯಲ್ಲಿ ಹಲಗೆ ಮುಂದಿಟ್ಟುಕೊಂಡು ಕೂತೆವು.

ಎಣಿಸಿದ್ದು

ನಂಬುತ್ತೀರೋ ಇಲ್ಲವೋ, ಅಲ್ಲಿಯ ತನಕ ಯಾರೂ ಗುಳಿಗಳನ್ನು ಸರಿಯಾಗಿ ಎಣಿಸಿರಲಿಲ್ಲ. ಫೋಟೋ ನೋಡಿದವರು ಒಬ್ಬರು 96 ಎಂದಿದ್ದರು, ಇನ್ನೊಬ್ಬರು 97. ಅಕ್ಕ ಕ್ಯಾಷಿಯರ್ ಎಣಿಸುವ ಹಾಗೆ ಸಾಲು ಹಿಡಿದು ಎಣಿಸಿದರು. ಹತ್ತು ಸಾಲು. ಒಂದು ಸಾಲಿನಲ್ಲಿ ಮಾತ್ರ ಏಳು. ಲೆಕ್ಕ ಹೊಂದದೆ ಬಿಡುವ ಪೈಕಿ ಅಲ್ಲ ಅವರು. ಆ ಸಾಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಾಗ ಮೂರು ಗುಳಿಗಳು ಜಿಡ್ಡು, ಧೂಳು ತುಂಬಿ ಮೇಲ್ಮೈಗೆ ಸಮ ಆಗಿಬಿಟ್ಟಿದ್ದವು. ಹತ್ತು ಹತ್ತಲೆ ನೂರು, ಸರಿಯಾಗಿ ನೂರು.

ಸಂಡಿಗೆ ಅಚ್ಚು ಮಾಡುವವನಿಗೆ ನೂರರ ಹಂಗೇನು? ನೂರು ಬೇಕಾಗುವುದು ಲೆಕ್ಕಕ್ಕೆ.

ಎರಡನೆಯ ಸುಳಿವನ್ನು ನಾನು ನೋಡಿದೆ ಎಂದು ಹೇಳಿಕೊಳ್ಳುವ ಆಸೆ ಇದೆ, ಆದರೆ ಅದನ್ನೂ ನೋಡಿದ್ದು ಅವರೇ. ಗುಳಿಯ ತಳ ಬಟ್ಟಲಿನ ಹಾಗೆ ದುಂಡಗಿಲ್ಲ, ಚಪ್ಪಟೆ. ಔಷಧಿಯ ಗುಳಿಗೆ ಇಡುವುದಾದರೆ ದುಂಡಗೆ ಕೊರೆಯುತ್ತಿದ್ದರು. ಇದು ಚಪ್ಪಟೆಯಾದ, ತೆಳ್ಳಗಿನ, ದುಂಡನೆಯ ಏನೋ ಒಂದು ಕೂರಲಿಕ್ಕೆ ಮಾಡಿದ್ದು. ನನ್ನ ಔಷಧಿ ಅಲ್ಲಿಗೆ ಮುಗಿಯಿತು. ಮೂರನೆಯದು ಆ ದಂಡೆ ಇಲ್ಲದ ಮೂಲೆ. ಮುರಿದದ್ದು ಎಂದುಕೊಂಡಿದ್ದೆವು. ಬೆರಳಾಡಿಸಿದರೆ ನುಣ್ಣಗಿದೆ, ಎರಡೂ ಕಡೆ ಒಂದೇ ಸಮ ಇಳಿಜಾರು. ಬೇಕೆಂದೇ ಬಿಟ್ಟ ಬಾಯಿ ಅದು, ಏನನ್ನೋ ಸುರಿಯಲಿಕ್ಕೆ.

ಆಮೇಲೆ ಅಕ್ಕ ಒಳಗೆ ಹೋಗಿ ಬ್ಯಾಂಕಿನ ಕಾಲದ ಪಂಚಿಂಗ್ ಮಷಿನ್ ತಂದರು. ಕಾಗದಕ್ಕೆ ಫೈಲಿನ ತೂತು ಹಾಕುವುದು ಇದೆಯಲ್ಲ, ಅದೇ. ಅದರಿಂದ ಬೀಳುವ ಬಿಲ್ಲೆ ಹೆಚ್ಚುಕಡಿಮೆ ಆರು ಮಿಲಿಮೀಟರ್ ಅಗಲ ಇರುತ್ತದೆ. ಬಿಳಿ ಹಾಳೆಯ ಬಿಲ್ಲೆ ಹಾಕಿದರೆ ಒಂದೊಂದು ಗುಳಿಯಲ್ಲಿ ಎರಡು ಮೂರು ಸೇರಿಕೊಂಡವು. ಆಗ ಹಳೇ ಮದುವೆ ಕರೆಯೋಲೆಗಳ ಕಟ್ಟು ಬಿಚ್ಚಿ, ಅದರ ದಪ್ಪ ಕಾರ್ಡಿನಿಂದ ಬಿಲ್ಲೆ ಮಾಡತೊಡಗಿದರು. ಯಾರ್ಯಾರ ಮದುವೆಯೋ ಪಾಪ, ಎಲ್ಲರ ಕಾರ್ಡೂ ತೂತಾಯಿತು. ಒಂದು ಹಿಡಿ ಬಿಲ್ಲೆಯನ್ನು ಹಲಗೆಯ ಮೇಲೆ ಸುರಿದು, ಹಿಡಿ ಹಿಡಿದು, ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿದರು. ಒಂದೊಂದು ಗುಳಿಗೆ ಒಂದೊಂದು ಬಿಲ್ಲೆ ಇಳಿಯಿತು. ಹೆಚ್ಚಾದದ್ದನ್ನು ಮೂಲೆಯ ಬಾಯಿಯಿಂದ ಜಾರಿಸಿದರು. ಜಿಡ್ಡು ಕೂತ ಆ ಮೂರನ್ನು ಬಿಟ್ಟರೆ ಖಾಲಿ ಗುಳಿ ಒಂದೂ ಇಲ್ಲ. ಹಲಗೆ ತುಂಬಿತು ಎಂದರೆ ನೂರು.

ಅಕ್ಕ ನನ್ನ ಮುಖ ನೋಡಿದರು. ‘ಇದು ಕೌಂಟಿಂಗ್ ಮಷಿನ್!’

ನೋಟು ಎಣಿಸಿಯೇ ಕೈ ಸವೆಸಿಕೊಂಡ ಮನುಷ್ಯೆ, ತನ್ನದೇ ಕಸುಬಿನ ಸಾಮಾನನ್ನು ಎರಡು ತಿಂಗಳು ಕಪಾಟಿನಲ್ಲಿಟ್ಟುಕೊಂಡು ಗುರುತು ಹಿಡಿದಿರಲಿಲ್ಲ.

ಹೆಸರು ಹೇಳಿದ್ದು ಅವರ ಹಳೇ ಸಹೋದ್ಯೋಗಿ, ಪಾಲಕ್ಕಾಡಿನ ಕಡೆಯವರು. ಅಲ್ಲಾಡಿಸುವ ವಿಡಿಯೋ ಕಳಿಸಿದ ಐದು ನಿಮಿಷಕ್ಕೆ ಅವರ ಫೋನ್ ಬಂತು. ‘ಪಣಪ್ಪಲಕ’ ಎಂದರು. ಕೇರಳದಲ್ಲಿ ಇದು ಗೊತ್ತಿರುವ ವಸ್ತುವೇ. ತಿರುವಾಂಕೂರಿನಲ್ಲಿ ಚಕ್ರ ಎಂಬ ಬೆಳ್ಳಿಯ ಪುಟಾಣಿ ನಾಣ್ಯ ಓಡುತ್ತಿತ್ತು, ಅಲ್ಲಿನ ಒಂದು ರೂಪಾಯಿಗೆ 28 ಚಕ್ರ. ಐವತ್ತು ರೂಪಾಯಿಯ ವ್ಯವಹಾರ ಎಂದರೆ 1,400 ಚಕ್ರ ಎಣಿಸಬೇಕು. ಬೆರಳಿಗೆ ಸಿಗದಷ್ಟು ಚಿಕ್ಕ ಬಿಲ್ಲೆಗಳನ್ನು ಒಂದೊಂದಾಗಿ ಹೆಕ್ಕುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಹಲಗೆ.

ಪಣಪ್ಪಲಕ ಎಂಬ ಮಾತನ್ನು ಒಂದು ಸಲ ಬಾಯಲ್ಲಿ ಆಡಿಸಿ ನೋಡಿ. ಅಲ್ಲಿಯ ಪಕಾರ ನಮ್ಮಲ್ಲಿ ಹಕಾರ, ಪಾಲು ಹಾಲಾದ ಹಾಗೆ. ಪಣ ಎಂದರೆ ಹಣ, ಪಲಕ ಎಂದರೆ ಹಲಗೆ. ಹಣದ ಹಲಗೆ! ನಾವು ಈಗ ದುಡ್ಡಿಗೆಲ್ಲ ಒಟ್ಟಾಗಿ ಹಣ ಎನ್ನುತ್ತೇವೆ, ಆದರೆ ಹಣ ಎಂಬುದು ಮೊದಲು ಒಂದು ನಾಣ್ಯದ ಹೆಸರು. ಗ್ರಾಮಿನ ಮೂರನೇ ಒಂದು ಭಾಗದಷ್ಟು ತೂಗುವ ಚಿನ್ನದ ಚೂರು, ಮೂರು ಗುಲಗಂಜಿ ತೂಕ ಎಂದರೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಅದರ ಅರ್ಧಕ್ಕೆ ಅಡ್ಡ, ಕಾಲಿಗೆ ಹಾಗ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನರಸಿಂಹನ ಮುದ್ರೆ ಹಾಕಿಸಿದ ಕಂಠೀರಾಯ ಹಣ ಮೈಸೂರು ಸೀಮೆಯಲ್ಲಿ ಎಷ್ಟು ಬೇರೂರಿತ್ತೆಂದರೆ, ಅವರು ಹೋದ ಎಷ್ಟೋ ಕಾಲದ ಮೇಲೂ ಸರ್ಕಾರದ ಲೆಕ್ಕ ಅದೇ ಹೆಸರಿನಲ್ಲಿ ನಡೆಯಿತು. ಹತ್ತು ಹಣಕ್ಕೆ ಒಂದು ವರಹ.

ಮತ್ತೆ ಗುಜರಿ ಅಂಗಡಿಗೆ

ಇಲ್ಲಿಗೆ ನಿಲ್ಲಿಸಬಹುದಿತ್ತು. ನಾನಾದರೆ ನಿಲ್ಲಿಸುತ್ತಿದ್ದೆ. ಅಕ್ಕನಿಗೆ ಆ ಅಳಿಸಿಹೋದ ಬರಹ ಚುಚ್ಚುತ್ತಿತ್ತು. ‘ಗ’ ಎಂದರೆ ಆ ಮನೆಯ ಯಜಮಾನರ ಹೆಸರಿನ ಮೊದಲ ಅಕ್ಷರ, ಗಣಪಯ್ಯನೋ ಗಂಗಾಧರನೋ ಇರಬೇಕು ಎಂದು ನಾನು ಸಮಾಧಾನ ಮಾಡಿದ್ದೆ. ಅವರು ಕೇಳಲಿಲ್ಲ, ಬಸ್ಸು ಹತ್ತಿ ಮತ್ತೆ ಆ ಅಂಗಡಿಗೆ ಹೋದರು.

ಅಂಗಡಿಯ ಹುಡುಗನಿಗೆ ಮೊದಲು ನೆನಪೇ ಆಗಲಿಲ್ಲ. ಅಕ್ಕ ಅವನ ಜೊತೆ ಚಹಾ ಕುಡಿದು, ಇನ್ನೂ ಬೇಡವಾದ ಒಂದು ಚಟಾಕು ಕೊಂಡು, ನಿಧಾನಕ್ಕೆ ಕೇಳಿದರು. ‘ಆ ಮನೆಯಿಂದ ಬಂದ ಸಾಮಾನಿನ ಫೋಟೋ ಏನಾದ್ರೂ ಇಟ್ಟಿದ್ದೀಯಾ ತಮ್ಮಾ?’ ಇತ್ತು! ಬೇರೆ ಗಿರಾಕಿಗೆ ಕಳಿಸಲೆಂದು ಎಲ್ಲವನ್ನೂ ನೆಲದ ಮೇಲೆ ಹರಡಿ ತೆಗೆದದ್ದು. ಅದರಲ್ಲಿ ನಮ್ಮ ಹಲಗೆ ಬೋರಲಾಗಿ ಬಿದ್ದಿದೆ. ದೊಡ್ಡದು ಮಾಡಿ ನೋಡಿದರೆ ಮಸಿಯ ಬರಹ ಸ್ಪಷ್ಟ: ಗ ೧೦.

ಹಳೆಯ ಶಾಸನಗಳಲ್ಲಿ ಗದ್ಯಾಣ ಎಂಬ ಚಿನ್ನದ ನಾಣ್ಯವನ್ನು ಬರೀ ‘ಗ’ ಎಂದು ಚಿಕ್ಕದಾಗಿ ಬರೆಯುವ ರೂಢಿ ಇದೆ. ಗದ್ಯಾಣಕ್ಕೂ ಹತ್ತೇ ಹಣ, ವರಹ ಬಂದದ್ದು ಅದರ ಜಾಗಕ್ಕೇ. ನೂರು ಗುಳಿ, ನೂರು ಹಣ, ಹತ್ತು ಗದ್ಯಾಣ. ಯಾರೋ ಲೆಕ್ಕದ ಮನುಷ್ಯ ಹಲಗೆಯ ಬೆನ್ನ ಮೇಲೆ ಅದರ ಅಳತೆ ಬರೆದಿಟ್ಟಿದ್ದ, ನಾವು ಪಾವು ಸೇರಿನ ಮೇಲೆ ಅಳತೆ ಕೊರೆದಿರುವುದನ್ನು ನೋಡುತ್ತೇವಲ್ಲ, ಹಾಗೆ. ನನ್ನ ಗಣಪಯ್ಯನೂ ಔಷಧಿಯ ದಾರಿಯನ್ನೇ ಹಿಡಿದ.

ಅದೇ ಫೋಟೋದಲ್ಲಿ ಇನ್ನೊಂದು ವಸ್ತುವಿತ್ತು, ನೋಡಿ ಹೊಟ್ಟೆ ಉರಿಯಿತು. ಉದ್ದನೆಯ ಮರದ ಪೆಟ್ಟಿಗೆ, ಮುಚ್ಚಳ ತೆರೆದಿದೆ, ಒಳಗೆ ಚಿನ್ನ ತೂಗುವ ಪುಟ್ಟ ತಕ್ಕಡಿ. ಹಲಗೆ, ತಕ್ಕಡಿ ಎರಡೂ ಒಂದೇ ಅಟ್ಟದಿಂದ ಬಂದವು. ಎಣಿಸಿದ ಮೇಲೆ ತೂಗಿ ನೋಡುತ್ತಿದ್ದರೋ, ತೂಗಿದ ಮೇಲೆ ಎಣಿಸುತ್ತಿದ್ದರೋ, ಅಂತೂ ಒಟ್ಟಿಗೆ ಬಾಳಿದವು. ತಕ್ಕಡಿ ಆಗಲೇ ಬೆಂಗಳೂರಿನ ಯಾರಿಗೋ ಮಾರಾಟವಾಗಿತ್ತು. ಹುಡುಗ ನಂಬರ್ ಕೊಟ್ಟ, ಅಕ್ಕ ಫೋನ್ ಮಾಡಿದರು, ಅದು ಅಲ್ಲಿಂದಲೂ ಕೈ ದಾಟಿ ಹೋಗಿತ್ತು. ಅಲ್ಲಿಗೆ ಬಿಟ್ಟೆವು. ಮೊದಲ ದಿನವೇ ‘ಇದರ ಜೊತೆ ಇನ್ನೇನು ಬಂತು’ ಎಂದು ಒಂದು ಮಾತು ಕೇಳಿದ್ದರೆ ಎರಡೂ ಸಿಗುತ್ತಿದ್ದವು. ಈಗ ನಾನು ಯಾವ ಅಂಗಡಿಗೆ ಹೋದರೂ ಬೆಲೆ ಕೇಳುವ ಮೊದಲು ಅದನ್ನೇ ಕೇಳುತ್ತೇನೆ, ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆಯುತ್ತೇನೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಅಕ್ಕ ಅಂತೂ ಬ್ಯಾಂಕಿನ ಲೆಡ್ಜರಿನಂಥ ಒಂದು ಪುಸ್ತಕ ಮಾಡಿಕೊಂಡಿದ್ದಾರೆ. ಯಾವ ದಿನ, ಎಲ್ಲಿ, ಎಷ್ಟಕ್ಕೆ, ಜೊತೆಗೆ ಏನಿತ್ತು, ಯಾರು ಏನೆಂದರು. ತಪ್ಪು ಊಹೆಗಳನ್ನೂ ಬರೆಯುತ್ತಾರೆ. ನನ್ನ ಗುಳಿಗೆ ಅದರ ಮೊದಲ ಪುಟದಲ್ಲೇ ಇದೆ.

ಹಲಗೆಯಲ್ಲಿ ಯಾವ ಹಣ ಎಣಿಸುತ್ತಿದ್ದರು ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಲಾಗಲಿಲ್ಲ. ಕಂಠೀರಾಯ ಹಣ ಇರಬಹುದು, ಘಟ್ಟದ ಕೆಳಗಿನಿಂದ ಬರುತ್ತಿದ್ದ ವೀರರಾಯ ಹಣವೂ ಇರಬಹುದು, ಗಾತ್ರದಲ್ಲಿ ಹೆಚ್ಚು ಫರಕಿಲ್ಲ. ಪುಸ್ತಕದಲ್ಲಿ ಅಕ್ಕ ‘ಹಣ ಎಣಿಸುವ ಹಲಗೆ, ಹಲಸು, 100 ಗುಳಿ’ ಎಂದಷ್ಟೇ ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ಹಲಗೆಯನ್ನು ಮಾರಿಲ್ಲ. ಉಜ್ಜಿದ ಮೂಲೆಗೆ ಎಣ್ಣೆ ಹಚ್ಚಿ ಬಣ್ಣ ಸರಿಮಾಡಿಕೊಡುತ್ತೇನೆ ಎಂದು ಆಚಾರಿಯವರು ಹೇಳಿದ್ದರು, ಬೇಡ ಎಂದರು. ಆ ಹಳದಿ ಗುರುತು ಹಾಗೇ ಇದೆ.

ಹೋದ ದೀಪಾವಳಿಗೆ ನಾಣ್ಯ ಸಂಗ್ರಹಿಸುವ ನನ್ನ ಗೆಳೆಯನೊಬ್ಬ ತನ್ನ ಒಂದೇ ಒಂದು ಕಂಠೀರಾಯ ಹಣವನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಹಾಕಿ ತಂದಿದ್ದ. ಅಕ್ಕ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವನು ಹಣವನ್ನು ಮೇಲಿಟ್ಟ. ಅಕ್ಕ ಒಂದು ಸಲ ಅಲ್ಲಾಡಿಸಿದರು, ಅದು ಜಾರಿ, ಎರಡು ಗುಳಿಯ ಅಂಚು ಸವರಿ, ಮೂರನೆಯದರಲ್ಲಿ ಟಕ್ ಎಂದು ಕೂತಿತು. ಅಂಚಿಗೆ ಸರಿಯಾಗಿ, ಮೇಲೂ ಇಲ್ಲ ಕೆಳಗೂ ಇಲ್ಲ. ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಹಲಗೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

‘ಕ್ಯಾಶ್ ಶಾರ್ಟ್ ಇದೆ,’ ಎಂದರು. ‘ತೊಂಬತ್ತೊಂಬತ್ತು.’